ಹದಿನೆಂಟು ಮಂದಿಗೂ ಎಟುಕುವ ಪರದೇಶ

ಬೆಂಗಳೂರಿನಿಂದ ಮುಂಬೈಗೆ ಆಕಾಶಮಾರ್ಗದಲ್ಲಿ 800 ಕಿ.ಮೀ.ಗೂ ಹೆಚ್ಚು. ಕೊಲಂಬೊಗೆ 700ರ ಆಸುಪಾಸು. ರಸ್ತೆಯಲ್ಲಿ ಬೀದರ್‌ಗೆ ಹೋದಷ್ಟು ದೂರ ಅನ್ನಿ. ಆದರೂ ನಮ್ಮ ನಗರದ ಭಾನುವಾರದ ಫುಟ್‌ಬಾಲ್ ತಂಡಗಳಲ್ಲಿ ಹೊರದೇಶದ ಪ್ರವಾಸದ ಮಾತು ಎದ್ದರೆ ಮೊದಲು ಕೇಳಿಬರುವ ಹೆಸರು ದುಬೈ, ಆಮೇಲೆ ಫುಕೆಟ್, ಬ್ಯಾಂಕಾಕ್. ಮ್ಯಾಚ್ ಮುಗಿದು, ಬೂಟಿನ ಮಣ್ಣು ಕೊಡವಿ, ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಂತಾಗ ಹುಟ್ಟುವ ಈ ಉತ್ಸಾಹ ರಾತ್ರಿ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಡಲತೀರದ ಫೋಟೊಗಳಾಗಿ ಹರಿದಾಡುತ್ತದೆ. ಹದಿನೆಂಟು ಮಂದಿಯೂ ಹೂಂ ಅನ್ನುತ್ತಾರೆ. ಮುಂಗಡ ಕಟ್ಟುವ ದಿನ ಬಂದಾಗ ಉಳಿಯುವವರು ಏಳೆಂಟು ಜನ. ಅಷ್ಟು ಹೊತ್ತಿಗೆ ಅದು ತಂಡದ ಪ್ರವಾಸವಾಗಿ ಉಳಿದಿರುವುದಿಲ್ಲ. ಕೈಯಲ್ಲಿ ಕಾಸಿರುವ ಗೆಳೆಯರ ರಜೆಯಾಗಿರುತ್ತದೆ.

ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ಹವ್ಯಾಸಿ ತಂಡವೆಂದರೆ ಯಾರು ಯಾರು ಇರುತ್ತಾರೆ ನೋಡಿ: ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್ ಇರುತ್ತಾನೆ, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗ ಇರುತ್ತಾನೆ, ಡಿಗ್ರಿ ಓದುವವನು, ಬ್ಯಾಂಕಿನವನು, ಮರಗೆಲಸದವನು, ಐವತ್ತು ಸಮೀಪಿಸಿದರೂ ಸ್ಟಾಪರ್ ಬ್ಯಾಕ್ ಜಾಗ ಬಿಟ್ಟುಕೊಡದ ಹಿರಿಯ. ಗ್ರೌಂಡಿನಲ್ಲಿ ಮ್ಯಾನೇಜರನಿಗೆ ಪಾಸ್ ಕೊಡುವವನು ಆ ಬೈಕಿನ ಹುಡುಗ. ಅವನನ್ನು ಬಿಟ್ಟು ವಿಮಾನ ಹತ್ತುವುದಾದರೆ ಜೆರ್ಸಿಯನ್ನು ಮನೆಯಲ್ಲೇ ಬಿಟ್ಟುಹೋಗುವುದು ಒಳ್ಳೆಯದು. ಹಾಗಾಗಿ ಊರಿನ ಹೆಸರು ಎತ್ತುವ ಮೊದಲೇ ಒಂದು ನೋಟ್‌ಬುಕ್ ತೆಗೆದು ಪ್ರತಿಯೊಬ್ಬರ ಮುಂದೆಯೂ ಮೂರು ಸಂಗತಿ ಬರೆದುಕೊಳ್ಳಿ ಎನ್ನುತ್ತೇನೆ: ಪಾಸ್‌ಪೋರ್ಟ್ ಇದೆಯೇ, ಎಷ್ಟು ದಿನ ರಜೆ ಸಿಗುತ್ತದೆ, ತಿಂಗಳಿಗೆ ಎಷ್ಟು ಎತ್ತಿಡಬಹುದು. ಮೂರರಲ್ಲೂ ಅತಿ ಕಡಿಮೆ ಬಂದ ಉತ್ತರವೇ ಇಡೀ ತಂಡದ ಅಳತೆ. ಆ ಅಳತೆಗೆ ಒಗ್ಗುವ ಊರು ಯಾವುದೋ ಅದೇ ನಮಗೆ ಹತ್ತಿರದ ಪರದೇಶ.

ಊರು ಬಿಟ್ಟು ಹೋಗಿ ಆಡುವುದು ಬೆಂಗಳೂರಿನ ಫುಟ್‌ಬಾಲಿಗೆ ಹೊಸದೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಮುಂಬೈಗೆ ಹೋಗಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇದ್ದ ಭಾರತ ತಂಡಕ್ಕೆ ಫ್ರಾನ್ಸ್ ವಿರುದ್ಧ ಗೋಲು ಹೊಡೆದುಕೊಟ್ಟವರು ನಮ್ಮ ಸಾರಂಗಪಾಣಿ ರಾಮನ್. ಮೊನ್ನೆ ಮೊನ್ನೆ, 2023ರ ಮಾರ್ಚ್‌ನಲ್ಲಿ, ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿಹಿಡಿದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಆಸ್ಟಿನ್ ಟೌನಿನಲ್ಲೋ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಲ್ಲೋ ಈ ಕಥೆಗಳನ್ನು ಹೇಳುವ ಹಿರಿಯರು ಇವತ್ತಿಗೂ ಸಿಗುತ್ತಾರೆ. ಆದರೆ ಆ ತಂಡಗಳಿಗೆ ಎಲ್ಲಿ, ಯಾರ ವಿರುದ್ಧ ಆಡಬೇಕೆಂಬುದನ್ನು ಟೂರ್ನಿ ನಡೆಸುವವರೇ ಗೊತ್ತುಮಾಡಿದ್ದರು. ಹವ್ಯಾಸಿಗಳು ಎದುರಾಳಿಯನ್ನೂ ತಾವೇ ಹುಡುಕಿಕೊಳ್ಳಬೇಕು.

ಎದುರಾಳಿ ಸಿಗದ ಪ್ರವಾಸ ಎಷ್ಟು ಬಡವಾಗುತ್ತದೆ ಎಂದು ಹೇಳಿ ತೀರದು. ದುಬಾರಿ ಟಿಕೆಟ್ ಕೊಂಡು ಹೋಗಿ, ಅಲ್ಲಿ ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆಗೆ ಹಿಡಿದು, ತಮ್ಮತಮ್ಮಲ್ಲೇ ಎರಡು ಪಾಳಿ ಮಾಡಿಕೊಂಡು ಆಡಿ ಬಂದ ತಂಡಗಳಿವೆ. ಆ ಆಟವನ್ನು ಎಚ್‌ಎಸ್‌ಆರ್ ಲೇಔಟಿನಲ್ಲೇ ಆಡಬಹುದಿತ್ತು.

ಈ ಎಲ್ಲ ಅಳತೆಗಳನ್ನು ಹಿಡಿದು ನೋಡಿದರೆ ಮೊದಲ ಪ್ರವಾಸಕ್ಕೆ ನನ್ನ ಮತ ಕೊಲಂಬೊಗೆ. ಬೆಂಗಳೂರಿನಿಂದ ನೇರ ವಿಮಾನ, ಒಂದೂವರೆ ಗಂಟೆ ಚಿಲ್ಲರೆ ಪ್ರಯಾಣ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬಹುದು. ರಜೆಯೇ ಸಿಗದವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ವೀಸಾಕ್ಕೆ ಆನ್‌ಲೈನ್ ಅರ್ಜಿ. ಶುಲ್ಕ ಮತ್ತು ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ವಾರದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು. ಊಟದ ತಕರಾರಂತೂ ಹುಟ್ಟುವುದೇ ಇಲ್ಲ. ಒತ್ತುಶ್ಯಾವಿಗೆ, ಕಾಯಿಹಾಲಿನ ಸಾರು, ತೆಂಗಿನತುರಿಗೆ ಮೆಣಸಿನಪುಡಿ, ಈರುಳ್ಳಿ, ನಿಂಬೆಹುಳಿ ಹಾಕಿ ಕಲೆಸಿದ ಸಂಬೋಲ. ಮಂಗಳೂರಿನ ಹುಡುಗರು ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಶ್ರೀಲಂಕಾ ಎಂದೊಡನೆ ನಮಗೆ ನೆನಪಾಗುವುದು ಕ್ರಿಕೆಟ್. ಅಲ್ಲಿನ ದೊಡ್ಡ ಶಾಲೆಗಳಲ್ಲಿ ರಗ್ಬಿಯ ಹುಚ್ಚೂ ಇದೆ. ಫುಟ್‌ಬಾಲ್ ಉಳಿದುಕೊಂಡು ಬಂದಿರುವುದು ಬೇರೆ ಬೀದಿಗಳಲ್ಲಿ. ಕೊಲಂಬೊದ ನಡುಮಧ್ಯೆ, ಹಿಂದೆ ಸ್ಲೇವ್ ಐಲ್ಯಾಂಡ್ ಎನ್ನುತ್ತಿದ್ದ ಕೊಂಪಞ್ಞವೀದಿಯದಲ್ಲಿ, ಇಕ್ಕಟ್ಟಾದ ಗಲ್ಲಿಗಳ ನಡುವಿನಿಂದ ಎದ್ದುಬಂದ ಕ್ಲಬ್ ಜಾವಾ ಲೇನ್. ರಿನೌನ್, ಸಾಂಡರ್ಸ್‌ನಂಥ ಹಳೆಯ ಹೆಸರುಗಳಿವೆ. ಮರದಾನದ ಜಾಹಿರಾ ಕಾಲೇಜು ತಲೆಮಾರುಗಳಿಂದ ಆಟಗಾರರನ್ನು ಕೊಡುತ್ತಾ ಬಂದಿದೆ. 1995ರಲ್ಲಿ ದಕ್ಷಿಣ ಏಷ್ಯಾದ ಕಪ್ಪನ್ನು ಶ್ರೀಲಂಕಾ ಗೆದ್ದದ್ದು ಇದೇ ಕೊಲಂಬೊದಲ್ಲಿ, ಭಾರತವನ್ನು 1-0ಯಿಂದ ಸೋಲಿಸಿ. ನಮ್ಮಲ್ಲಿ ಶಿವಾಜಿನಗರ, ಆಸ್ಟಿನ್ ಟೌನ್ ಹೇಗೋ ಅಲ್ಲಿನ ಈ ಬೀದಿಗಳೂ ಹಾಗೆ. ಕಸುಬು ಮಾಡಿ ಬದುಕುವವರು ಸಂಜೆ ಬೂಟು ಕಟ್ಟುವ ಜಾಗಗಳು. ಭಾನುವಾರದ ತಂಡಕ್ಕೆ ಸರಿಜೋಡಿ ಸಿಗುವುದು ಇಂಥಲ್ಲೇ.

ಗ್ರೌಂಡುಗಳಲ್ಲಿ ನನಗೆ ಬಲು ಇಷ್ಟವಾದದ್ದು ರೇಸ್‌ಕೋರ್ಸ್. ಒಂದು ಕಾಲಕ್ಕೆ ಕುದುರೆ ಓಡಿದ ಮೈದಾನ. ಎರಡನೇ ಮಹಾಯುದ್ಧದಲ್ಲಿ ಅದೇ ರನ್‌ವೇ ಆಗಿ, 1942ರ ಏಪ್ರಿಲ್‌ನಲ್ಲಿ ಜಪಾನಿಯರ ವಿಮಾನಗಳು ಕೊಲಂಬೊ ಮೇಲೆ ಎರಗಿದಾಗ ಬ್ರಿಟಿಷರ ಹರಿಕೇನ್ ವಿಮಾನಗಳು ಇಲ್ಲಿಂದಲೂ ಮೇಲೆದ್ದವು. ಕುದುರೆ ಜೂಜಿನವರು ಕೂರುತ್ತಿದ್ದ ಹಳೆಯ ಗ್ಯಾಲರಿಯಲ್ಲಿ ಈಗ ಅಂಗಡಿಗಳಿವೆ, ನಡುವೆ ಹಸಿರು ಹುಲ್ಲಿನ ಮೇಲೆ ಫುಟ್‌ಬಾಲ್, ರಗ್ಬಿ. ಹವ್ಯಾಸಿ ತಂಡಕ್ಕೆ ಅದು ಸಿಕ್ಕೀತೆಂದು ಭರವಸೆ ಕೊಡಲಾಗದು. ಆತಿಥೇಯ ಕ್ಲಬ್ ಅಭ್ಯಾಸ ಮಾಡುವ ಸಾಮಾನ್ಯ ಮೈದಾನವೇ ನಮಗೆ ಸಾಕು, ನಮ್ಮನ್ನು ನೋಡಲು ಆ ಬೀದಿಯ ಮಕ್ಕಳಾದರೂ ಬರುತ್ತಾರೆ.

ಕೊಲಂಬೊದಲ್ಲಿ ನಮ್ಮವರನ್ನು ಕೆಡಹುವುದು ಸೆಕೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಬೆವರು ಬಂದಷ್ಟೇ ಬೇಗ ಆರುತ್ತದೆ. ಅಲ್ಲಿ ಆರುವುದಿಲ್ಲ. ಸಂಜೆ ನಾಲ್ಕಕ್ಕೆ ಆಟ ಶುರುವಾದರೆ ಹತ್ತೇ ನಿಮಿಷದಲ್ಲಿ ಜೆರ್ಸಿ ಬೆನ್ನಿಗೆ ಅಂಟುತ್ತದೆ, ಶಿನ್‌ಗಾರ್ಡ್ ಒಳಗೆ ನೀರಿಳಿಯುತ್ತದೆ, ಅರವತ್ತನೇ ನಿಮಿಷದ ಹೊತ್ತಿಗೆ ಯಾರಾದರೊಬ್ಬರು ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಬರೀ ನೀರು ಕುಡಿದರೆ ಸಾಲದು, ಉಪ್ಪು ಬೇಕು. ಓಆರ್‌ಎಸ್ ಪೊಟ್ಟಣಗಳನ್ನು ಹಿಂದಿನ ರಾತ್ರಿಯಿಂದಲೇ ಶುರುಮಾಡಿ, ಪ್ರತಿ ಹಾಫ್‌ನ ನಡುವಿನಲ್ಲೂ ನೀರು ಕುಡಿಯುವ ವಿರಾಮ ಬೇಕೆಂದು ಮೊದಲೇ ಕೇಳಿಕೊಳ್ಳುವುದು ಜಾಣತನ.

ಕಾಲವನ್ನೂ ನೋಡಬೇಕು. ಆ ದ್ವೀಪಕ್ಕೆ ಎರಡು ಮಳೆಗಾಲ. ಕೊಲಂಬೊ ಇರುವ ಪಶ್ಚಿಮ, ನೈಋತ್ಯ ಭಾಗದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಕ್ಟೋಬರ್-ನವೆಂಬರ್‌ನಲ್ಲೂ ಜೋರು. ಜನವರಿಯಿಂದ ಮಾರ್ಚ್ ಪ್ರಶಸ್ತ. ಉತ್ತರದ ಜಾಫ್ನಾದಲ್ಲಿ ಲೆಕ್ಕ ತಿರುಗುಮುರುಗು, ವರ್ಷದ ಕೊನೆಗೆ ಮಳೆ, ನಡುವರ್ಷ ಒಣ. ಹುಣ್ಣಿಮೆಯ ದಿನ ‘ಪೋಯ’ ರಜೆ. ಎಲ್ಲರೂ ಬಿಡುವಾಗಿರುತ್ತಾರೆ ನಿಜ, ಆದರೆ ಅದು ಬೌದ್ಧರಿಗೆ ವ್ರತದ ದಿನ, ಮದ್ಯ, ಮಾಂಸದ ಅಂಗಡಿಗಳು ಮುಚ್ಚಿರುತ್ತವೆ. ಆ ದಿನ ಪಂದ್ಯ ಇಡಬಹುದೇ ಎಂದು ಆತಿಥೇಯರನ್ನೇ ಕೇಳಬೇಕು.

ಜಾಫ್ನಾ ಎಂದೆನಲ್ಲ, ಎರಡನೇ ಪ್ರವಾಸಕ್ಕೆ ಅದನ್ನು ಎತ್ತಿಡಿ. ಅಂತರ್ಯುದ್ಧದ ವರ್ಷಗಳಲ್ಲಿ ಹಳಿ ಕಿತ್ತುಹೋಗಿದ್ದ ಆ ಊರಿಗೆ 2014ರಲ್ಲಿ ರೈಲು ಮರಳಿತು. ಹಳಿ ಹಾಕಿದ್ದು ಭಾರತದ ಇರ್ಕಾನ್ ಕಂಪನಿ. ಜಾಫ್ನಾ, ಮನ್ನಾರ್ ಕಡೆ ಫುಟ್‌ಬಾಲ್ ಎಂದರೆ ಊರಹಬ್ಬದಂತೆ, ಹಳ್ಳಿಗೊಂದು ಕ್ಲಬ್. ಇಡೀ ದಿನ ರೈಲಿನಲ್ಲಿ ತಂಡ ಒಟ್ಟಿಗೆ ಕೂತು ಹೋಗುವ ಸುಖ ಬೇರೆಯೇ. ಬೆಂಗಳೂರಿನ ತಂಡಗಳಲ್ಲಿ ತಮಿಳು ಮಾತನಾಡುವವರು ಹೇಗೂ ಇರುತ್ತಾರೆ, ಅವರೇ ಅಲ್ಲಿ ನಮ್ಮ ನಾಲಿಗೆ.

ಮಾಲ್ಡೀವ್ಸ್ ಅಂದರೆ ಜೋಡಿಗಳು ಹೋಗುವ ದುಬಾರಿ ರೆಸಾರ್ಟು ಎಂದು ನಾವು ತಿಳಿದಿದ್ದೇವೆ. ಮಾಲೆ ನಗರ ಬೇರೆಯೇ ಲೋಕ. ಆ ಪುಟ್ಟ ದೇಶ ಭಾರತವನ್ನು ಫೈನಲ್‌ನಲ್ಲಿ ಸೋಲಿಸಿ 2008ರಲ್ಲೂ 2018ರಲ್ಲೂ ಸ್ಯಾಫ್ (ದಕ್ಷಿಣ ಏಷ್ಯಾ) ಚಾಂಪಿಯನ್ ಆಯಿತು. ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್‌ಗಾಗಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ ನ್ಯೂ ರೇಡಿಯಂಟ್, ಮಾಝಿಯಾ ತಂಡಗಳೊಡನೆ ಆಡಿದ್ದರಿಂದ ನಮ್ಮ ಅಭಿಮಾನಿಗಳಿಗೂ ಆ ಹೆಸರುಗಳು ಪರಿಚಿತ. ಬಂದಿಳಿದ ಮೇಲೆ ಪ್ರವಾಸಿ ವೀಸಾ ಪುಕ್ಕಟೆ. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಆಡಲು ಹೋದವರಿಗೆ ಅದೂ ಒಳ್ಳೆಯದೇ. ಕೊರತೆ ಇರುವುದು ನೆಲದ್ದು. ಹನ್ನೊಂದು ಜನರ ಪೂರ್ಣ ಮೈದಾನಕ್ಕೆ ಅಲ್ಲಿ ಜಾಗವೇ ಕಡಿಮೆ, ಸಿಗುವುದು ಫುಟ್ಸಾಲ್ ಅಂಕಣ. ಕಚೇರಿಗಳು, ಇಲಾಖೆಗಳು ತಂಡ ಕಟ್ಟಿಕೊಂಡು ಫುಟ್ಸಾಲ್ ಆಡುತ್ತವೆ. ರಂಜಾನ್ ತಿಂಗಳಲ್ಲಿ ಉಪವಾಸ ಮುರಿದ ಮೇಲೆ ರಾತ್ರಿಯೆಲ್ಲ ಅದೇ ಸಡಗರ. ಬೆಂಗಳೂರಿನಲ್ಲಿ ಟರ್ಫ್ ಮೇಲೆ ಐದೈದು ಜನ ಆಡಿಯೇ ಬೆಳೆದ ತಂಡ ನಿಮ್ಮದಾದರೆ ಕೊಲಂಬೊ ಬಿಟ್ಟು ಮಾಲೆಗೆ ಹೋಗಿ. ರೆಸಾರ್ಟಿನ ಕಡೆ ತಲೆಹಾಕದೆ ಪಕ್ಕದ ಹುಲ್ಹುಮಾಲೆಯ ಗೆಸ್ಟ್‌ಹೌಸ್‌ನಲ್ಲಿ ಉಳಿದರೆ ಖರ್ಚೂ ಕೈಮೀರದು. ವಾರದ ರಜೆ ಶುಕ್ರವಾರ, ಶನಿವಾರ ಎಂಬುದು ನೆನಪಿರಲಿ.

ಇನ್ನು ಭೂತಾನ್. 2002ರ ಜೂನ್ 30ರಂದು ಜಪಾನಿನ ಯೊಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡುವ ದಿನವೇ ಥಿಂಪುವಿನ ಚಾಂಗ್ಲಿಮಿಥಾಂಗ್ ಮೈದಾನದಲ್ಲಿ ಇನ್ನೊಂದು ಪಂದ್ಯ ನಡೆಯಿತು. ಫಿಫಾ ಪಟ್ಟಿಯ ಕಟ್ಟಕಡೆಯ ಎರಡು ತಂಡಗಳಾಗಿದ್ದ ಭೂತಾನ್ ಮತ್ತು ಕೆರಿಬಿಯನ್ನಿನ ಮಾಂಟ್ಸೆರಾಟ್ ಎದುರಾದವು. ಭೂತಾನ್ 4-0ಯಿಂದ ಗೆದ್ದಿತು, ನಾಯಕ ವಾಂಗೈ ದೋರ್ಜಿ ಹ್ಯಾಟ್ರಿಕ್ ಹೊಡೆದರು. ಡಚ್ ನಿರ್ದೇಶಕ ಯೋಹಾನ್ ಕ್ರಾಮರ್ ಈ ಪಂದ್ಯದ ಬಗ್ಗೆ ಸಾಕ್ಷ್ಯಚಿತ್ರವನ್ನೇ ಮಾಡಿದರು. ಎಂದೂ ದೊಡ್ಡ ಕಪ್ ಮುಟ್ಟದ ನಮ್ಮಂಥವರಿಗೆ ಪುಣ್ಯಕ್ಷೇತ್ರವೊಂದು ಬೇಕಿದ್ದರೆ ಅದು ಆ ಮೈದಾನ ಎಂದು ಮನಸಾರೆ ನಂಬಿದ್ದೇನೆ. ಪಕ್ಕದಲ್ಲೇ ಬಿಲ್ಲುಗಾರರ ಅಂಗಳ ಬೇರೆ. ಸುಮಾರು 145 ಮೀಟರ್ ಆಚೆಯ ಪುಟ್ಟ ಹಲಗೆಗೆ ಬಾಣ ತಗುಲಿದರೆ ಬಿಲ್ಲುಗಾರರು ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ. ನಮ್ಮ ಗೋಲುಗಳನ್ನು ನಾವು ಅಷ್ಟು ಚೆಂದವಾಗಿ ಸಂಭ್ರಮಿಸುವುದಿಲ್ಲ.

ಪಾಸ್‌ಪೋರ್ಟ್ ಇಲ್ಲದ ಹುಡುಗನ ಕಣ್ಣಿನಿಂದ ನೋಡಿದರೆ ಭೂತಾನ್ ಉದಾರ ದೇಶ. ಮತದಾರರ ಗುರುತಿನ ಚೀಟಿ ಸಾಕು, ವೀಸಾ ಬೇಡ, ಪ್ರವೇಶ ಪರವಾನಗಿ ಕೊಡುತ್ತಾರೆ. ಅವರ ನುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಆದರೆ ಭಾರತೀಯರು ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಹದಿನೆಂಟು ಮಂದಿ ನಾಲ್ಕು ರಾತ್ರಿ ಉಳಿದರೆ 86,400 ರೂಪಾಯಿ, ಅದೂ ಊಟ, ವಸತಿ ಬಿಟ್ಟು. ಬೆಂಗಳೂರಿನಿಂದ ಕೋಲ್ಕತ್ತ ಇಲ್ಲವೇ ದೆಹಲಿ ಹಿಡಿದು ಪಾರೊಗೆ ಹಾರಬೇಕು. ಬಾಗ್ಡೋಗ್ರಾದಲ್ಲಿ ಇಳಿದು ಫುಂಟ್ಶೋಲಿಂಗ್ ಗಡಿ ದಾಟಿ ಬಸ್ಸಿನಲ್ಲಿ ಬೆಟ್ಟ ಹತ್ತಿದರೆ ಅಗ್ಗ, ಆದರೆ ಹೋಗಲು ಬರಲು ಒಂದೊಂದು ದಿನ ಹೋಯಿತು. ಪಾರೊ ಕಣಿವೆಯಲ್ಲಿ ಹಗಲು ಬೆಳಕಿದ್ದಾಗ ಮಾತ್ರ ವಿಮಾನ ಇಳಿಯುವುದರಿಂದ, ಮೋಡ ಕವಿದರೆ ಕಾಯಬೇಕು. ಮರಳುವ ಕಡೆಗೆ ಒಂದು ದಿನ ಕೈಯಲ್ಲಿರಲೇಬೇಕು.

ಥಿಂಪುವಿನ ಗಾಳಿಯ ಮಾತು ಬೇರೆ. ಸುಮಾರು 2,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಎರಡು ಸಲ ಓವರ್‌ಲ್ಯಾಪ್ ಓಡಿದ ವಿಂಗ್ ಬ್ಯಾಕ್ ಮೂರನೆಯದಕ್ಕೆ ಮೊಣಕಾಲಿಗೆ ಕೈಯೂರಿ ನಿಲ್ಲುತ್ತಾನೆ. ತೆಳು ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ, ಕೀಪರ್ ಎಂದಿನ ಬಲದಲ್ಲಿ ಒದ್ದದ್ದು ಮುಂಚೂಣಿಯವನ ತಲೆ ದಾಟಿ ಗೆರೆಯಾಚೆ ಹೋಗುತ್ತದೆ, ಫ್ರೀಕಿಕ್ ತಿರುಗಬೇಕಾದಷ್ಟು ತಿರುಗುವುದಿಲ್ಲ. 2018ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿಯಂಥ ವೃತ್ತಿಪರ ತಂಡವೇ ಅಲ್ಲಿ ಟ್ರಾನ್ಸ್‌ಪೋರ್ಟ್ ಯುನೈಟೆಡ್ ವಿರುದ್ಧ ಗೋಲಿಲ್ಲದೆ ಡ್ರಾ ಮಾಡಿಕೊಂಡು, ಕಂಠೀರವದಲ್ಲಿ 3-0ಯಿಂದ ಗೆದ್ದಿತು. ಹವ್ಯಾಸಿಗಳು ಎರಡು ದಿನ ಮೊದಲೇ ತಲುಪಿ, ನಿಧಾನವಾಗಿ ನಡೆದಾಡಿ, ಮೂರನೇ ದಿನ ಮ್ಯಾಚ್ ಇಟ್ಟುಕೊಂಡರೆ ಉಸಿರು ಒಗ್ಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಇಷ್ಟೆಲ್ಲ ಇದ್ದೂ, ವಾರವಿಡೀ ರಜೆ ಹೊಂದಿಸಬಲ್ಲ ತಂಡಕ್ಕೆ ನಾನು ಥಿಂಪುವನ್ನೇ ಹೇಳುತ್ತೇನೆ.

ಕಠ್ಮಂಡು ನಡುಎತ್ತರದ ಊರು, ಸುಮಾರು 1,400 ಮೀಟರ್. ಬೆಂಗಳೂರಿಗರ ಎದೆಗೂಡಿಗೆ ತೊಂದರೆ ಕೊಡದು. ಅಲ್ಲಿಗೂ ಮತದಾರರ ಚೀಟಿ ಸಾಕು. ನಮ್ಮ ಒಂದು ರೂಪಾಯಿಗೆ ಅವರ 1.60. ಮುಂಗಾರು ಮತ್ತು ದಸೈಂ ಹಬ್ಬದ ದಿನಗಳನ್ನು ಬಿಟ್ಟು ಹೋಗಬೇಕು. ಮಹಿಳಾ ತಂಡಗಳಿಗೆ ನನ್ನ ಮೊದಲ ಸಲಹೆ ಈ ಊರೇ. ನೇಪಾಳದ ಹೆಣ್ಣುಮಕ್ಕಳ ತಂಡ ಸ್ಯಾಫ್ ಫೈನಲ್‌ಗೆ ಮತ್ತೆ ಮತ್ತೆ ಬಂದಿದೆ. 2022 ಮತ್ತು 2024ರ ಫೈನಲ್‌ಗಳು ಕಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲೇ ನಡೆದವು, ಎರಡರಲ್ಲೂ ಬಾಂಗ್ಲಾದೇಶ ಗೆದ್ದರೂ ತವರಿನವರು ಮೈದಾನ ತುಂಬಿದ್ದರು. ಹುಡುಗಿಯರ ಆಟವನ್ನು ಇಷ್ಟು ಮನಸ್ಸಿಟ್ಟು ನೋಡುವ ಊರಿನಲ್ಲಿ ನಮ್ಮ ಹುಡುಗಿಯರು ಒಮ್ಮೆ ಆಡಿಬರಬೇಕು ಎಂಬುದು ನನ್ನ ಆಸೆ.

ದುಬೈ ಬೇಡವೇ ಬೇಡ ಎಂದಲ್ಲ. ದುಬೈ, ಶಾರ್ಜಾಗಳಲ್ಲಿ ನಮ್ಮ ಕರಾವಳಿಯವರು ತುಂಬಾ ಮಂದಿ ಇದ್ದಾರೆ, ಉಳಿಯಲು ಮನೆ, ಎದುರಾಳಿ ತಂಡ ಎರಡೂ ಸಿಗಬಹುದು. ಆದರೆ ದೂರ ಕೊಲಂಬೊದ ಮೂರು ಪಟ್ಟಿಗೂ ಮಿಗಿಲು, ವೀಸಾ ಖರ್ಚು ಬೇರೆ. ಬೇಸಿಗೆಯಲ್ಲಂತೂ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಮಧ್ಯಾಹ್ನ ಬಯಲಲ್ಲಿ ಕೂಲಿ ಕೆಲಸವನ್ನೇ ಸರ್ಕಾರ ನಿಲ್ಲಿಸುವಷ್ಟು ಬಿಸಿಲು. ಫುಕೆಟ್, ಬ್ಯಾಂಕಾಕ್ ತಂಡದ ಪ್ರವಾಸಕ್ಕಿಂತ ರಜೆಗೇ ಚೆನ್ನ.

ಊರು ಮನಸ್ಸಿನಲ್ಲಿ ನಿಂತ ಮೇಲೆ ಟಿಕೆಟ್‌ಗೂ ಮೊದಲು ಆಗಬೇಕಾದದ್ದು ಪತ್ರ. ಆತಿಥೇಯ ಕ್ಲಬ್ಬಿಗೆ ಬರೆಯುವಾಗ ನಮ್ಮ ವಯಸ್ಸು, ವಾರಕ್ಕೆ ಎಷ್ಟು ದಿನ ಅಭ್ಯಾಸ, ನಲವತ್ತು ದಾಟಿದವರೆಷ್ಟು ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸಬೇಕು. ಬಡಾಯಿ ಕೊಚ್ಚಿದರೆ ಅವರು ಮೊದಲ ದರ್ಜೆಯ ತಂಡ ಇಳಿಸುತ್ತಾರೆ, ಹತ್ತು ಗೋಲು ತಿಂದು ಬರಬೇಕಾಗುತ್ತದೆ. ಅವರ ಸಂಜೆಯೂ ಹಾಳು. ಎಷ್ಟು ಬದಲಿ ಆಟಗಾರರು, ಹೊರಬಂದವನು ಮತ್ತೆ ಇಳಿಯಬಹುದೇ ಎಂಬುದೂ ಪತ್ರದಲ್ಲೇ ತೀರ್ಮಾನವಾಗಲಿ. ತಳಮಟ್ಟದ ಮತ್ತು ಹಿರಿಯರ ಪಂದ್ಯಗಳಲ್ಲಿ ಹೀಗೆ ಮರಳಿ ಇಳಿಯಲು ನಿಯಮಾವಳಿಯಲ್ಲೇ ಅವಕಾಶವಿದೆ, ಹೋದ ಹದಿನೆಂಟು ಮಂದಿಯೂ ಆಡುವುದಕ್ಕೆ ಅದೇ ದಾರಿ. ಹುಲ್ಲೋ ಕೃತಕ ಹಾಸೋ ಎಂದು ಕೇಳಿ, ಅದಕ್ಕೆ ತಕ್ಕ ಸ್ಟಡ್ ಇರುವ ಬೂಟು ಒಯ್ಯಬೇಕು. ಜಿಲ್ಲಾ ಅಥವಾ ರಾಜ್ಯ ಸಂಸ್ಥೆಯಲ್ಲಿ ನೋಂದಾಯಿಸಿದ ಕ್ಲಬ್ ಆಗಿದ್ದರೆ ಹೊರದೇಶದಲ್ಲಿ ಆಡುವ ಮೊದಲು ಸಂಸ್ಥೆಗೆ ತಿಳಿಸಿ ಅನುಮತಿ ಪಡೆಯಿರಿ.

ದುಡ್ಡಿನ ವಿಷಯಕ್ಕೆ ನಮ್ಮಲ್ಲಿ ಹಳೆಯ ದಾರಿಯೇ ಇದೆ. ಚೀಟಿ ಕಟ್ಟಿ ಅಭ್ಯಾಸವಿರುವ ಜನ ನಾವು. ವರ್ಷದ ಮೊದಲೇ ಶುರುಮಾಡಿ ತಿಂಗಳು ತಿಂಗಳು ಕೈಲಾದಷ್ಟು ಒಂದೇ ಖಾತೆಗೆ ಹಾಕಿಕೊಂಡು ಬಂದರೆ, ಯಾರು ಎಷ್ಟು ಹಾಕಿದರೆಂಬುದು ಖಜಾಂಚಿಗೆ ಮಾತ್ರ ಗೊತ್ತಿದ್ದರೆ, ಕಡಿಮೆ ಹಾಕಿದವನು ತಲೆತಗ್ಗಿಸಬೇಕಾಗಿಲ್ಲ. ಆ ಹಣದಲ್ಲೇ ಪಾಸ್‌ಪೋರ್ಟ್ ಇಲ್ಲದವರ ಅರ್ಜಿ ಶುಲ್ಕವೂ ಹೋಗಲಿ. ಪ್ರವಾಸ ವಿಮೆಯ ಪಾಲಿಸಿ ಕೊಳ್ಳುವಾಗ ಆಟದಲ್ಲಾದ ಪೆಟ್ಟಿಗೆ ಪರಿಹಾರ ಇದೆಯೇ ಎಂದು ಸಾಲು ಸಾಲಾಗಿ ಓದಬೇಕು. ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ, ಮೊಣಕಾಲಿನ ಲಿಗಮೆಂಟ್ ಹರಿದವನು ಪರದೇಶದ ಆಸ್ಪತ್ರೆಯಲ್ಲಿ ಸಾಲ ಮಾಡಬೇಕಾದೀತು. ದಿನಗೂಲಿಯವನಿಗೆ ಆ ಪೆಟ್ಟು ಎಂದರೆ ತಿಂಗಳುಗಟ್ಟಲೆ ಸಂಪಾದನೆ ಇಲ್ಲ ಎಂದರ್ಥ. ನಿಧಿಯಲ್ಲಿ ಒಂದು ಪಾಲು ಅದಕ್ಕೂ ಮೀಸಲಿರಲಿ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಬೇಕು: ಮುಂದಿನ ವರ್ಷ ನೀವು ನಮ್ಮಲ್ಲಿಗೆ ಬನ್ನಿ. ಬರೆದ ಮೇಲೆ ಅದಕ್ಕೂ ಸಿದ್ಧರಾಗಬೇಕು. ಕೊಂಪಞ್ಞವೀದಿಯದ ಕ್ಲಬ್ಬೊಂದು ಹದಿನೆಂಟು ಮಂದಿಯೊಂದಿಗೆ ಬೆಂಗಳೂರಿಗೆ ಬಂದಿಳಿದರೆ ಯಾರ ಮನೆಯಲ್ಲಿ ಎಷ್ಟು ಜನ ಉಳಿಯಬಹುದು, ಆ ಭಾನುವಾರ ಪೂರ್ಣ ಅಳತೆಯ ಮೈದಾನ ಎಲ್ಲಿ ಸಿಗುತ್ತದೆ, ರೆಫ್ರಿ ಯಾರು, ಊಟ ಎಲ್ಲಿ. ಇದಕ್ಕೂ ಅದೇ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬಿಟ್ಟುಕೊಂಡು, ನಾವು ಹೊರಡುವ ಮೊದಲೇ ತುಂಬಿಸಿಟ್ಟಿರಬೇಕು.